ಒಂದು ದೇಶ, ಹಲವು ಜನ್ಮದಿನ

ಬೋಸ್ನಿಯಾ ಮತ್ತು ಹರ್ಜೆಗೋವಿನಾ ದೇಶಕ್ಕೆ ಧ್ವಜವಿದೆ, ಸಂವಿಧಾನವಿದೆ, ಸಂಸತ್ತಿದೆ, ವಿಶ್ವಸಂಸ್ಥೆಯಲ್ಲಿ ಕುರ್ಚಿಯಿದೆ. ರಾಷ್ಟ್ರಗೀತೆಯೂ ಇದೆ, ಆದರೆ ಅದಕ್ಕೆ ಸ್ವರವುಂಟೇ ಹೊರತು ಎಲ್ಲರೂ ಒಪ್ಪಿದ ಸಾಹಿತ್ಯವಿಲ್ಲ. ಇಡೀ ದೇಶಕ್ಕೆ ಅನ್ವಯವಾಗುವ ಸಾರ್ವಜನಿಕ ರಜೆಗಳ ಕಾನೂನಂತೂ ಇಲ್ಲವೇ ಇಲ್ಲ. ದೇಶ ಹುಟ್ಟಿದ್ದು ಯಾವತ್ತು ಎಂಬ ಪ್ರಶ್ನೆಗೆ ರಾಜಧಾನಿ ಸರಯೇವೊದಲ್ಲಿ ಒಂದು ಉತ್ತರ ಸಿಕ್ಕಿದರೆ ಸರ್ಬರ ಪ್ರಮುಖ ನಗರ ಬಾನ್ಯಾ ಲುಕಾದಲ್ಲಿ ಇನ್ನೊಂದು ಸಿಗುತ್ತದೆ.

2013ರ ಜನಗಣತಿಯ ಪ್ರಕಾರ ಅಲ್ಲಿ ಬೋಸ್ನಿಯಾಕರು ಶೇ. 50.1, ಸರ್ಬರು ಶೇ. 30.8, ಕ್ರೊಯೇಟರು ಶೇ. 15.4. ಸ್ಥೂಲವಾಗಿ ಹೇಳುವುದಾದರೆ ಮೊದಲನೆಯವರು ಮುಸ್ಲಿಮರು, ಎರಡನೆಯವರು ಆರ್ಥಡಾಕ್ಸ್ ಕ್ರೈಸ್ತರು, ಮೂರನೆಯವರು ಕ್ಯಾಥೊಲಿಕರು. ಇಷ್ಟು ಧರ್ಮಗಳಿದ್ದ ಮೇಲೆ ಹಬ್ಬಗಳ ಜಗಳ ಸಹಜವಲ್ಲವೇ ಎಂದು ದೂರದಿಂದ ನೋಡುವವರಿಗೆ ಅನ್ನಿಸುತ್ತದೆ. ಬೋಸ್ನಿಯಾದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾಗಿರುವುದು ಇದಕ್ಕೆ ತದ್ವಿರುದ್ಧವಾದ ಸಂಗತಿ. ದೇವರ ಹಬ್ಬಗಳು ಅಲ್ಲಿ ಶತಮಾನಗಟ್ಟಲೆ ಅಕ್ಕಪಕ್ಕದಲ್ಲೇ ನಡೆದುಕೊಂಡು ಬಂದವು. ಹೊಂದಿಕೊಳ್ಳದೇ ಹೋದದ್ದು ಪ್ರಭುತ್ವದ ಹಬ್ಬಗಳು.

ಸರಯೇವೊದ ಹಳೇ ಪೇಟೆ ಬಾಶ್‌ಚಾರ್ಶಿಯಾದಲ್ಲಿ, 16ನೇ ಶತಮಾನದ ಗಾಜಿ ಹುಸ್ರೆವ್ ಬೇಗ್ ಮಸೀದಿಯ ಪಕ್ಕದಲ್ಲೇ ಒಂದು ಗಡಿಯಾರದ ಗೋಪುರವಿದೆ. ಲಂಡನ್ನಿನಿಂದ 19ನೇ ಶತಮಾನದಲ್ಲಿ ತರಿಸಿದ ಯಂತ್ರ ಅದರಲ್ಲಿದೆ. ಅದರ ಮುಳ್ಳುಗಳನ್ನು ನಂಬಿ ರೈಲು ಹಿಡಿಯಹೋದವರು ರೈಲು ತಪ್ಪಿಸಿಕೊಳ್ಳುತ್ತಾರೆ. ಅದು ತೋರಿಸುವುದು ಸೂರ್ಯಾಸ್ತದಿಂದ ಎಣಿಸುವ ಹೊತ್ತನ್ನು. ಹೊತ್ತು ಮುಳುಗಿದಾಗ ಅದರಲ್ಲಿ ಹನ್ನೆರಡು ಗಂಟೆ, ಹೊಸ ದಿನ ಶುರುವಾಗುವುದೂ ಆಗಲೇ. ಸೂರ್ಯಾಸ್ತದ ವೇಳೆ ಬದಲಾಗುತ್ತಲೇ ಇರುವುದರಿಂದ ಮೇಲೆ ಹತ್ತಿ ಮುಳ್ಳು ಸರಿಪಡಿಸಲೆಂದೇ ಒಬ್ಬ ಕಾಲಪಾಲಕನಿದ್ದಾನೆ. ಇಲ್ಲಿಂದ ಕೆಲವೇ ನಿಮಿಷ ನಡೆದರೆ 1889ರಲ್ಲಿ ಪೂರ್ಣಗೊಂಡ ಕ್ಯಾಥೊಲಿಕ್ ಕೆಥೆಡ್ರಲ್ ಸಿಗುತ್ತದೆ. ಅದರ ಕ್ರಿಸ್ಮಸ್ ಡಿಸೆಂಬರ್ 25ಕ್ಕೆ. ಹಳೇ ಆರ್ಥಡಾಕ್ಸ್ ಚರ್ಚೂ ಅಷ್ಟೇ ಹತ್ತಿರ. ಅದು ಜೂಲಿಯನ್ ಪಂಚಾಂಗವನ್ನು ಅನುಸರಿಸುವುದರಿಂದ ಹದಿಮೂರು ದಿನ ಹಿಂದೆ, ಅಲ್ಲಿ ಕ್ರಿಸ್ಮಸ್ ಜನವರಿ 7ಕ್ಕೆ. 1581ರಲ್ಲಿ ಕಟ್ಟಿದ, ತನ್ನದೇ ಪಂಚಾಂಗವಿರುವ ಯಹೂದಿ ಸಿನಗಾಗ್ ಕೂಡ ಇದೇ ಆಸುಪಾಸಿನಲ್ಲಿದೆ. ಹೀಗೆ ಒಂದೇ ಪೇಟೆಯಲ್ಲಿ ನಾಲ್ಕು ಲೆಕ್ಕದ ಕಾಲ ಓಡುತ್ತಿತ್ತು. ಅದರಿಂದ ಯಾರ ವ್ಯಾಪಾರವೂ ನಿಂತಿರಲಿಲ್ಲ.

ಹಬ್ಬಗಳೂ ಕೆಲವೊಮ್ಮೆ ಒಂದರೊಳಗೊಂದು ಬೆರೆತುಹೋಗಿದ್ದವು. ಆಗಸ್ಟ್ 2 ಆರ್ಥಡಾಕ್ಸರಿಗೆ ಸಂತ ಇಲಿಯಾನ ದಿನ, ಮುಸ್ಲಿಮರಿಗೆ ಅಲಿಯಾನ ದಿನ. ಮಧ್ಯಾಹ್ನದವರೆಗೆ ಇಲಿಯಾ, ಮಧ್ಯಾಹ್ನದ ಮೇಲೆ ಅಲಿಯಾ ಎಂಬ ಗಾದೆಯೇ ಬೋಸ್ನಿಯಾದಲ್ಲಿ ಬಳಕೆಯಲ್ಲಿದೆ. ಮೇ 6ರ ಜುರ್ಜೆವ್‌ದಾನ್ ಸಂತ ಜಾರ್ಜನ ಹಬ್ಬವಾದರೂ ವಸಂತವನ್ನು ಬರಮಾಡಿಕೊಳ್ಳುವ ಆ ದಿನವನ್ನು ರೋಮಾ ಜನ ತಮ್ಮದೆಂದೇ ಆಚರಿಸುತ್ತಾರೆ, ಅವರಲ್ಲಿ ಮುಸ್ಲಿಮರೂ ಇದ್ದಾರೆ. ಮುಸ್ಲಿಮರ ಈದ್ ಆದ ಬೈರಾಮ್ ಬಂದರೆ ಪಕ್ಕದ ಮನೆಗೆ ಬಕ್ಲಾವಾ ಹೋಗುತ್ತದೆ, ಈಸ್ಟರ್ ಬಂದರೆ ಆ ಮನೆಯಿಂದ ಬಣ್ಣದ ಮೊಟ್ಟೆ ಬರುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕುವುದು ಸರಯೇವೊದ ಯಹೂದಿಗಳಿಗಷ್ಟೇ ಸೇರಿದ್ದ ಒಂದು ಹಬ್ಬ. 1819ರಲ್ಲಿ ಬೋಸ್ನಿಯಾವನ್ನು ಆಳುತ್ತಿದ್ದವನು ಆಟೊಮನ್ ಪ್ರಾಂತಾಧಿಕಾರಿ ರುಜ್ದಿ ಪಾಷಾ. ಇಸ್ಲಾಮಿಗೆ ಮತಾಂತರಗೊಂಡು ದರ್ವೇಶನಾಗಿದ್ದ ಯಹೂದಿಯೊಬ್ಬನ ಸಾವನ್ನು ನೆಪ ಮಾಡಿಕೊಂಡ ಈ ಪಾಷಾ, ರಬ್ಬಿ ಮೋಶೆ ಡಾನೋನ್ ಮತ್ತು ಸಮುದಾಯದ ಹತ್ತು ಮಂದಿ ಗಣ್ಯರನ್ನು ಸೆರೆಮನೆಗೆ ತಳ್ಳಿದ. ಭಾರಿ ಮೊತ್ತದ ದಂಡ ಕೊಡಿ, ಇಲ್ಲವಾದರೆ ಇವರ ತಲೆ ಹೋಗುತ್ತದೆ ಎಂಬುದು ಅವನ ಆಜ್ಞೆ. ಅಷ್ಟು ಹಣ ಯಹೂದಿಗಳ ಬಳಿ ಇರಲಿಲ್ಲ. ಅವರಲ್ಲೊಬ್ಬ ಊರಿನ ಮುಸ್ಲಿಮರ ಕಾಫಿ ಅಂಗಡಿಗಳಿಗೆ ಹೋಗಿ ನಡೆಯಲಿರುವ ಅನ್ಯಾಯವನ್ನು ಬಿಡಿಸಿ ಹೇಳಿದ. ಮುಸ್ಲಿಂ ನೆರೆಹೊರೆಯವರು ಗುಂಪುಗೂಡಿ ಪಾಷಾನ ಸೆರೆಮನೆಗೆ ನುಗ್ಗಿ ಬಂದಿಗಳನ್ನು ಬಿಡಿಸಿಕೊಂಡು ಬಂದರು. ಯಹೂದಿಗಳು ಅಂದಿನಿಂದ ಆ ದಿನವನ್ನು ಸರಯೇವೊದ ಪುರಿಮ್ ಎಂದು ಕರೆದು ವರ್ಷವರ್ಷ ಆಚರಿಸಿದರು. ಮುಂದೆ ಪವಿತ್ರ ಭೂಮಿಗೆಂದು ಹೊರಟ ರಬ್ಬಿ ಡಾನೋನ್ 1830ರಲ್ಲಿ ಸ್ತೊಲಾಟ್ಸ್ ಎಂಬಲ್ಲಿ ತೀರಿಕೊಂಡರು. ಅವರ ಸಮಾಧಿ ಯಾತ್ರಾಸ್ಥಳವಾಯಿತು. ಒಂದು ಧರ್ಮದವರು ತಮ್ಮನ್ನು ಉಳಿಸಿದ ಇನ್ನೊಂದು ಧರ್ಮದವರನ್ನು ನೆನೆಯಲೆಂದೇ ಕ್ಯಾಲೆಂಡರಿನಲ್ಲಿ ಒಂದು ದಿನ ಎತ್ತಿಟ್ಟಿದ್ದರು. 1941ರ ನಂತರ ನಾಜಿಗಳು ಮತ್ತು ಅವರ ಮಿತ್ರರಾದ ಕ್ರೊಯೇಟ್ ಫ್ಯಾಸಿಸ್ಟರು, ಅಂದರೆ ಉಸ್ತಾಶಾಗಳು, ಬೋಸ್ನಿಯಾದ ಸುಮಾರು 10,000 ಯಹೂದಿಗಳನ್ನು ಕೊಂದರು. ಆ ಹಬ್ಬ ಮಾಡುವ ಮನೆಗಳು ಬೆರಳೆಣಿಕೆಯಷ್ಟಾದವು.

ಪ್ರಭುತ್ವದ ರಜೆಗಳ ಕತೆಯೇ ಬೇರೆ. 1878ರಲ್ಲಿ ಆಸ್ಟ್ರಿಯಾ-ಹಂಗೆರಿ ಬಂದಾಗ ಅದರ ಜೊತೆಗೆ ಆಗಸ್ಟ್ 18ರ ಚಕ್ರವರ್ತಿಯ ಹುಟ್ಟುಹಬ್ಬವೂ ಬಂತು. 1918ರಲ್ಲಿ ಯುಗೊಸ್ಲಾವ್ ರಾಜ್ಯ ಸ್ಥಾಪನೆಯಾದ ಮೇಲೆ ಡಿಸೆಂಬರ್ 1ರ ಏಕೀಕರಣ ದಿನ. ಆಳುವವರು ಹೋದಂತೆ ಅವರ ದಿನಗಳೂ ಹೋದವು. ಜನರ ನೆನಪಿನಲ್ಲಿ ಬೇರೂರಿದ ದಿನಗಳು ಹುಟ್ಟಿದ್ದು ಎರಡನೇ ಮಹಾಯುದ್ಧದ ನಡುವೆ.

ಅವುಗಳಲ್ಲಿ ಮೊದಲನೆಯದು 1943ರ ನವೆಂಬರ್ 25. ಉಸ್ತಾಶಾಗಳು ಸರ್ಬರ ಹಳ್ಳಿಗಳನ್ನು, ಚೆಟ್ನಿಕರೆಂಬ ಸರ್ಬ ಪಡೆಗಳು ಮುಸ್ಲಿಮರ ಹಳ್ಳಿಗಳನ್ನು ಸುಡುತ್ತಿದ್ದ ಕಾಲ ಅದು. ಪಶ್ಚಿಮ ಬೋಸ್ನಿಯಾದ ಮ್ರ್ಕೊನ್ಯಿಚ್ ಗ್ರಾದ್ ಎಂಬ ಪುಟ್ಟ ಊರಿನ ವ್ಯಾಯಾಮಶಾಲೆಯೊಂದರಲ್ಲಿ ಆ ರಾತ್ರಿ ಕಮ್ಯುನಿಸ್ಟರ ನೇತೃತ್ವದ ಗೆರಿಲ್ಲಾ ಯೋಧರಾದ ಪಾರ್ಟಿಸಾನರು ಕರೆದ ಸಭೆ ಸೇರಿತು. ಕಾಡಿನಿಂದ, ರಣರಂಗದಿಂದ ನಡೆದುಬಂದ ಪ್ರತಿನಿಧಿಗಳಲ್ಲಿ ಮೂರೂ ಜನಾಂಗದವರಿದ್ದರು. ಬಿಯೆಲ್ಯಿನಾ ಊರಿನ ವೈದ್ಯ ವೊಯಿಸ್ಲಾವ್ ಕೆಟ್ಸ್‌ಮಾನೊವಿಚ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಬೋಸ್ನಿಯಾ ಸರ್ಬರದೊಂದೇ ಅಲ್ಲ, ಕ್ರೊಯೇಟರದೊಂದೇ ಅಲ್ಲ, ಮುಸ್ಲಿಮರದೊಂದೇ ಅಲ್ಲ, ಸರಿಸಮಾನವಾಗಿ ಎಲ್ಲರದೂ ಹೌದು ಎಂಬರ್ಥದ ನಿರ್ಣಯವನ್ನು ಆ ಸಭೆ ಒಪ್ಪಿತು. ಕೊಲೆಯ ವಾಸನೆ ಇನ್ನೂ ಗಾಳಿಯಲ್ಲಿರುವಾಗ ಹೀಗೊಂದು ಮಾತನ್ನು ಕಾಗದಕ್ಕಿಳಿಸಲು ಬೇಕಾದ ಧೈರ್ಯ ಸಣ್ಣದಲ್ಲ. ಅದನ್ನು ಬರೆದವರು ಕಮ್ಯುನಿಸ್ಟರು, ಅವರ ಆಳ್ವಿಕೆಯ ಕ್ರೌರ್ಯಗಳೂ ದಾಖಲಾಗಿವೆ. ಹಾಗಿದ್ದರೂ ಆ ಮಾತಿನ ತೂಕ ಕಡಿಮೆಯಾಗುತ್ತದೆಂದು ನಾನು ಒಪ್ಪುವುದಿಲ್ಲ.

ನಾಲ್ಕೇ ದಿನಗಳ ನಂತರ, ನವೆಂಬರ್ 29ರಂದು, ಹತ್ತಿರದ ಯಾಯ್ಟ್ಸೆ ಪಟ್ಟಣದಲ್ಲಿ ಇಡೀ ಯುಗೊಸ್ಲಾವಿಯಾದ ಸಭೆ ನಡೆಯಿತು. ಯುದ್ಧ ಮುಗಿದ ಮೇಲೆ ದೊಡ್ಡ ಹಬ್ಬವಾದದ್ದು ಈ ದಿನವೇ. ಗಣರಾಜ್ಯ ದಿನವೆಂದರೆ ಎರಡು ದಿನ ರಜೆ. ಶಾಲೆಗೆ ಸೇರಿದ ಮೊದಲ ವರ್ಷದ ಮಕ್ಕಳಿಗೆ ಅಂದು ಕೆಂಪು ಕೊರಳವಸ್ತ್ರ, ಕೆಂಪು ನಕ್ಷತ್ರದ ನೀಲಿ ಟೋಪಿ ತೊಡಿಸಿ ಪಯನೀರ್‌ಗಳೆಂದು ಪ್ರಮಾಣವಚನ ಬೋಧಿಸುತ್ತಿದ್ದರು. ಮಗುವಿನ ಹೆಸರು ಅಮೀರ್ ಆಗಿರಲಿ, ಮಿಲಾನ್ ಆಗಿರಲಿ, ಇವಾನ್ ಆಗಿರಲಿ, ಟೋಪಿ ಒಂದೇ. ಅದರ ಜೊತೆಗೆ ಮೇ 1 ಮತ್ತು 2ರ ಕಾರ್ಮಿಕರ ಹಬ್ಬ, ಯುಗೊಸ್ಲಾವಿಯಾದ ನಾಯಕ ಟಿಟೊನ ಹುಟ್ಟುಹಬ್ಬವೆಂದು ಆಚರಿಸುತ್ತಿದ್ದ ಮೇ 25ರ ಯುವದಿನ, ಜುಲೈ 4ರ ಯೋಧರ ದಿನ, ಬೋಸ್ನಿಯಾಕ್ಕೆಂದೇ ಜುಲೈ 27ರ ದಂಗೆಯ ದಿನ. ಕ್ರಿಸ್ಮಸ್‌ಗಾಗಲೀ ಬೈರಾಮ್‌ಗಾಗಲೀ ಸರ್ಕಾರದ ರಜೆಯಿರಲಿಲ್ಲ. ಹಬ್ಬದ ದಿನವೂ ಕಾರ್ಖಾನೆಯ ಸೈರನ್ ಎಂದಿನಂತೆ ಕೂಗುತ್ತಿತ್ತು. ಪ್ರುಸಾಟ್ಸ್ ಬಳಿಯ ಆಯ್ವಾಟೊವಿಟ್ಸಾ ಮುಸ್ಲಿಮರ ಹಳೆಯ ಯಾತ್ರೆ. 1947ರಲ್ಲಿ ನಿಷೇಧಕ್ಕೊಳಗಾದ ಅದು ಮತ್ತೆ ಆರಂಭವಾದದ್ದು 1990ರಲ್ಲಿ. ಎಲ್ಲರಿಗೂ ಸಮಾನವಾದ ರಜೆಗಳನ್ನು ಕೊಟ್ಟ ಆ ವ್ಯವಸ್ಥೆ ಅದಕ್ಕೆ ತೆತ್ತ ಬೆಲೆ ಇದು. ಎಲ್ಲರ ಮನೆಯ ಹಬ್ಬಗಳೂ ಬೀದಿಗೆ ಬರುವಂತಿರಲಿಲ್ಲ. ಉಳಿದದ್ದು ಹೊಸ ವರ್ಷ. ಉಡುಗೊರೆ ತರುವ ಹಿಮದಜ್ಜ ಜೆದ್ ಮ್ರಾಜ್ ಧರ್ಮವಿಲ್ಲದ ಅಜ್ಜನಾಗಿದ್ದರಿಂದ ಎಲ್ಲ ಮಕ್ಕಳಿಗೂ ಸೇರಿದವನಾಗಿದ್ದ.

1980ರ ಮೇ 4ರಂದು ಟಿಟೊ ತೀರಿಕೊಂಡ. ಹತ್ತೇ ವರ್ಷಗಳಲ್ಲಿ ಯುಗೊಸ್ಲಾವ್ ಒಕ್ಕೂಟದ ಹೊಲಿಗೆ ಬಿಚ್ಚತೊಡಗಿತು. 1992ರ ಮೊದಲ ನಾಲ್ಕು ತಿಂಗಳಲ್ಲಿ ಬೋಸ್ನಿಯಾದ ಕ್ಯಾಲೆಂಡರ್ ಹರಿದು ಹಂಚಿಹೋಯಿತು.

ಜನವರಿ 9ರಂದು ಸರ್ಬ ಪ್ರತಿನಿಧಿಗಳು ಸರಯೇವೊದಲ್ಲೇ ಸೇರಿ ಬೋಸ್ನಿಯಾದೊಳಗೆ ತಮ್ಮದೇ ಗಣರಾಜ್ಯವನ್ನು ಘೋಷಿಸಿದರು. ಆರ್ಥಡಾಕ್ಸ್ ಪಂಚಾಂಗದಲ್ಲಿ ಅದು ಸಂತ ಸ್ತೆಫಾನನ ದಿನ. ಫೆಬ್ರವರಿ 29 ಮತ್ತು ಮಾರ್ಚ್ 1ರಂದು ಯುಗೊಸ್ಲಾವಿಯಾದಿಂದ ಹೊರಬರುವ ಬಗ್ಗೆ ಜನಮತಗಣನೆ ನಡೆಯಿತು. ಸರ್ಬರಲ್ಲಿ ಹೆಚ್ಚಿನವರು ಅದನ್ನು ಬಹಿಷ್ಕರಿಸಿದರು. ಮತ ಹಾಕಿದ್ದು ಶೇ. 63ಕ್ಕೂ ಹೆಚ್ಚು ಮಂದಿ, ಅವರಲ್ಲಿ ಶೇ. 99ಕ್ಕೂ ಮಿಕ್ಕಿ ಸ್ವಾತಂತ್ರ್ಯ ಬೇಕೆಂದರು.

ಮಾರ್ಚ್ 1 ಭಾನುವಾರ. ಜನ ಮತಗಟ್ಟೆಗೆ ಹೋಗಿಬರುತ್ತಿದ್ದ ಹೊತ್ತಿನಲ್ಲಿ ಬಾಶ್‌ಚಾರ್ಶಿಯಾದಲ್ಲಿ ಸರ್ಬರ ಮದುವೆ ದಿಬ್ಬಣವೊಂದು ಧ್ವಜ ಹಿಡಿದು ಹಳೇ ಆರ್ಥಡಾಕ್ಸ್ ಚರ್ಚಿನ ಕಡೆಗೆ ಸಾಗುತ್ತಿತ್ತು. ಗುಂಡು ಹಾರಿತು. ವರನ ತಂದೆ ಸತ್ತರು, ಪಾದ್ರಿಯೊಬ್ಬರು ಗಾಯಗೊಂಡರು. ಮರುಬೆಳಗಾಗುವಷ್ಟರಲ್ಲಿ ನಗರದ ರಸ್ತೆಗಳಿಗೆ ಅಡ್ಡಗಟ್ಟೆ ಬಿದ್ದಿದ್ದವು. ಆ ಕೊಲೆಯ ಆರೋಪಿ ವಿಚಾರಣೆ ಮುಗಿಯುವ ಮೊದಲೇ, 2007ರಲ್ಲಿ, ತಾನೇ ಕೊಲೆಯಾಗಿಹೋದ. ನ್ಯಾಯಾಲಯದ ತೀರ್ಪು ಬರಲೇ ಇಲ್ಲ. ಬೋಸ್ನಿಯಾಕರು ಮಾರ್ಚ್ 1 ಎಂದರೆ ತಮ್ಮ ದೇಶ ಸ್ವತಂತ್ರವಾದ ದಿನ ಎನ್ನುತ್ತಾರೆ. ಅನೇಕ ಸರ್ಬರಿಗೆ ಅದು ತಮ್ಮವನೊಬ್ಬನ ರಕ್ತ ಮೊದಲು ಬಿದ್ದ ದಿನ. ಎರಡೂ ನಿಜ, ಎರಡೂ ನಡೆದದ್ದು ಒಂದೇ ಊರಿನಲ್ಲಿ, ಒಂದೇ ಹಗಲಿನಲ್ಲಿ. ಹಾಗೆಂದು ಎರಡಕ್ಕೂ ಒಂದೇ ತೂಕ ಹಾಕಿ ಮುಂದಿನ ಮೂರೂವರೆ ವರ್ಷದ ನರಮೇಧದ ಹೊಣೆಯನ್ನು ಸರಿಸಮ ಹಂಚುವುದು ಚರಿತ್ರೆಗೆ ಬಗೆಯುವ ದ್ರೋಹ. ಸರಯೇವೊವನ್ನು ಸುತ್ತಲಿನ ಬೆಟ್ಟಗಳಿಂದ ಮುತ್ತಿದ್ದು ಬೋಸ್ನಿಯಾದ ಸರ್ಬ ಸೇನೆ.

ಏಪ್ರಿಲ್ 6 ಇನ್ನೊಂದು ದಿನ. 1941ರ ಏಪ್ರಿಲ್ 6ರಂದು ಜರ್ಮನಿ ಯುಗೊಸ್ಲಾವಿಯಾದ ಮೇಲೆ ಬಾಂಬು ಸುರಿಸಿತು. 1945ರ ಅದೇ ದಿನ ಪಾರ್ಟಿಸಾನರು ಸರಯೇವೊವನ್ನು ಬಿಡಿಸಿಕೊಂಡರು. ಮರುವರ್ಷ ಅದೇ ತಾರೀಖಿಗೆ ನಗರದ ಮಧ್ಯದಲ್ಲಿ ಅಮರಜ್ಯೋತಿ ಹಚ್ಚಿದರು, ಅದು ಸರಯೇವೊ ನಗರದ ಹಬ್ಬವಾಯಿತು. 1992ರ ಏಪ್ರಿಲ್ 6ರಂದು ಯುರೋಪಿಯನ್ ಸಮುದಾಯ ಬೋಸ್ನಿಯಾವನ್ನು ಸ್ವತಂತ್ರ ದೇಶವೆಂದು ಮಾನ್ಯ ಮಾಡಿತು. ಅಂದೇ ಸಂಸತ್ ಭವನದ ಮುಂದೆ ಶಾಂತಿ ಬೇಕೆಂದು ಸೇರಿದ್ದ ಜನರ ಮೇಲೆ ಎದುರಿನ ಹಾಲಿಡೇ ಇನ್ ಹೋಟೆಲಿನಿಂದ ಗುಂಡು ಹಾರಿದವು. ಮುತ್ತಿಗೆ 1996ರ ಫೆಬ್ರವರಿಯವರೆಗೆ ನಡೆಯಿತು. ಅದು ಶುರುವಾದ ಇಪ್ಪತ್ತನೇ ವರ್ಷ, 2012ರಲ್ಲಿ, ಟಿಟೊ ಹೆಸರಿನ ಮುಖ್ಯ ಬೀದಿಯುದ್ದಕ್ಕೂ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು. ಮಕ್ಕಳಿಗೆಂದು ಇಟ್ಟವು ಪುಟ್ಟ ಕುರ್ಚಿಗಳು. ಹಾದುಹೋಗುವವರು ಅವುಗಳ ಮೇಲೆ ಗೊಂಬೆ, ಹೂವು ಇಟ್ಟು ಹೋದರು.

ಸುಮಾರು ಒಂದು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಯುದ್ಧ ನಿಂತದ್ದು ಅಮೆರಿಕದ ಒಹಾಯೊ ರಾಜ್ಯದ ಡೇಟನ್ನಿನಲ್ಲಿ, 1995ರ ನವೆಂಬರ್ 21ರಂದು. ಡಿಸೆಂಬರ್ 14ರಂದು ಪ್ಯಾರಿಸ್‌ನಲ್ಲಿ ವಿಧ್ಯುಕ್ತ ಸಹಿ ಬಿತ್ತು. ಆ ಒಪ್ಪಂದದ ನಾಲ್ಕನೇ ಅನುಬಂಧವೇ ಇಂದಿಗೂ ದೇಶದ ಸಂವಿಧಾನ. ಅದರ ಪ್ರಕಾರ ದೇಶದೊಳಗೆ ಎರಡು ಘಟಕ. ಬೋಸ್ನಿಯಾಕರು ಮತ್ತು ಕ್ರೊಯೇಟರು ಹೆಚ್ಚಾಗಿರುವ ಒಕ್ಕೂಟ ಒಂದು, ಸರ್ಬರು ಹೆಚ್ಚಾಗಿರುವ ರೆಪುಬ್ಲಿಕಾ ಸ್ರ್ಪ್ಸ್ಕಾ ಇನ್ನೊಂದು. ರಜೆಗಳ ವಿಷಯ ಘಟಕಗಳ ಪಾಲಿಗೆ ಹೋಯಿತು. ಒಕ್ಕೂಟದಲ್ಲಿ ಮಾರ್ಚ್ 1 ಸ್ವಾತಂತ್ರ್ಯ ದಿನ, ನವೆಂಬರ್ 25 ರಾಜ್ಯತ್ವ ದಿನ. ರೆಪುಬ್ಲಿಕಾ ಸ್ರ್ಪ್ಸ್ಕಾದಲ್ಲಿ ಇವೆರಡೂ ಕೆಲಸದ ದಿನಗಳು, ಅಲ್ಲಿನ ರಜೆ ಜನವರಿ 9, ಮೇ 9, ನವೆಂಬರ್ 21. ಎಲ್ಲರ ಹೆಸರನ್ನೂ ಒಂದೇ ನಿರ್ಣಯದಲ್ಲಿ ಬರೆದ ಆ ವ್ಯಾಯಾಮಶಾಲೆಯ ಊರು, ಮ್ರ್ಕೊನ್ಯಿಚ್ ಗ್ರಾದ್, ಇಂದು ಇರುವುದು ರೆಪುಬ್ಲಿಕಾ ಸ್ರ್ಪ್ಸ್ಕಾದಲ್ಲಿ. ಆ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ನವೆಂಬರ್ 25ಕ್ಕೆ ಸರಯೇವೊ ಕಡೆಯಿಂದ ಜನ ಅಲ್ಲಿಗೆ ಬಂದು ಹೂಮಾಲೆ ಇಡುತ್ತಾರೆ, ಊರಿನವರಿಗೆ ಅಂದು ರಜೆಯಿಲ್ಲ.

ಜನವರಿ 9ರ ವಿಷಯ ನ್ಯಾಯಾಲಯ ಹತ್ತಿತು. 1992ರ ಯುದ್ಧಕಾಲದ ಸರ್ಬ ಕಾನೂನೊಂದು ಆರ್ಥಡಾಕ್ಸ್ ಹಬ್ಬಗಳನ್ನು, ಸರ್ಬ ಇತಿಹಾಸದ ದಿನಗಳನ್ನು ಅಧಿಕೃತ ರಜೆಗಳನ್ನಾಗಿ ಮಾಡಿತ್ತು. ಬೋಸ್ನಿಯಾಕ್ ನಾಯಕ ಸುಲೇಮಾನ್ ತಿಹಿಚ್ ಅದನ್ನು ಪ್ರಶ್ನಿಸಿದರು, 2006ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. 2007ರ ಹೊಸ ಕಾನೂನಿನಲ್ಲೂ ಜನವರಿ 9 ಗಣರಾಜ್ಯ ದಿನವಾಗಿಯೇ ಉಳಿಯಿತು. ಇನ್ನೊಬ್ಬ ಬೋಸ್ನಿಯಾಕ್ ನಾಯಕ ಬಾಕಿರ್ ಇಜೆಟ್‌ಬೆಗೊವಿಚ್ ಮತ್ತೆ ನ್ಯಾಯಾಲಯದ ಮೊರೆಹೋದರು. 2015ರ ನವೆಂಬರ್ 26ರ ತೀರ್ಪು ಅದನ್ನೂ ತಳ್ಳಿಹಾಕಿತು. ಒಂದೇ ಜನಾಂಗದ ಪ್ರತಿನಿಧಿಗಳು ಏಕಪಕ್ಷೀಯವಾಗಿ ಮಾಡಿದ ಘೋಷಣೆಯ ದಿನ, ಜೊತೆಗೆ ಒಂದೇ ಚರ್ಚಿನ ಹಬ್ಬದ ದಿನ, ಅಲ್ಲಿ ವಾಸಿಸುವ ಉಳಿದವರಿಗೆ ಸಾರ್ವಜನಿಕ ಹಬ್ಬವಾಗುವುದು ತಾರತಮ್ಯ ಎಂಬುದು ತೀರ್ಪಿನ ತಿರುಳು. ಕ್ರಿಸ್ಮಸ್ ಆಚರಿಸಬಾರದೆಂದು, ಸಂತ ಸ್ತೆಫಾನನಿಗೆ ದೀಪ ಹಚ್ಚಬಾರದೆಂದು ನ್ಯಾಯಾಲಯ ಎಲ್ಲೂ ಹೇಳಲಿಲ್ಲ.

ರೆಪುಬ್ಲಿಕಾ ಸ್ರ್ಪ್ಸ್ಕಾದ ಅಂದಿನ ಅಧ್ಯಕ್ಷ ಮಿಲೊರಾದ್ ದೊದಿಕ್ ಬಗ್ಗಲಿಲ್ಲ. ಆ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರಲ್ಲಿ ಮೂವರು ವಿದೇಶೀಯರೆಂಬುದು ಅವರ ಹಳೆಯ ತಕರಾರು. ತಡೆಯಾಜ್ಞೆಯನ್ನು ಲೆಕ್ಕಿಸದೆ 2016ರ ಸೆಪ್ಟೆಂಬರ್ 25ರಂದು ಈ ರಜೆಯ ಬಗ್ಗೆಯೇ ಜನಮತಗಣನೆ ನಡೆಯಿತು. ಮತದಾನ ಶೇ. 55.67, ಪರವಾಗಿ ಬಿದ್ದ ಮತ ಶೇ. 99.81. ಮರುವರ್ಷ ಜನವರಿಯಲ್ಲಿ ಅಮೆರಿಕ ದೊದಿಕ್ ಮೇಲೆ ನಿರ್ಬಂಧ ಹೇರಿತು. 2019ರಲ್ಲಿ ನ್ಯಾಯಾಲಯ ಮತ್ತೊಮ್ಮೆ ಕಾನೂನನ್ನು ರದ್ದುಪಡಿಸಿತು. ಜನವರಿ 9ರ ಮೆರವಣಿಗೆ ನಿಲ್ಲಲಿಲ್ಲ. ಒಂದು ರಜೆಗಾಗಿ ಇಷ್ಟು ಹಟವೇಕೆ ಎಂದು ಕೇಳಬಹುದು. ಆ ದಿನವನ್ನು ಬಿಟ್ಟುಕೊಟ್ಟರೆ ತಮ್ಮ ಗಣರಾಜ್ಯ ಹುಟ್ಟಿದ್ದು ಯುದ್ಧಕ್ಕೂ ಡೇಟನ್ನಿಗೂ ಮೊದಲೇ ಎಂಬ ವಾದವನ್ನೂ ಬಿಟ್ಟುಕೊಡಬೇಕಾಗುತ್ತದೆ. ಹಟದ ಬೇರು ಅಲ್ಲಿದೆ.

ದುಃಖದ ದಿನವಾದರೂ ಒಂದಾಗಿದೆಯೇ ಎಂದರೆ ಅದೂ ಇಲ್ಲ. 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾದಲ್ಲಿ 8,000ಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರನ್ನು, ಹುಡುಗರನ್ನು ಕೊಂದರು. 2024ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಜುಲೈ 11ನ್ನು ಆ ನರಮೇಧದ ಅಂತರರಾಷ್ಟ್ರೀಯ ಸ್ಮರಣೆಯ ದಿನವೆಂದು ಘೋಷಿಸಿತು. ಅದು ನಡೆದ ದೇಶದಲ್ಲಿ ಮಾತ್ರ ಅಂದಿನ ಶೋಕ ಘಟಕದ ಗಡಿ ದಾಟುವುದಿಲ್ಲ.

ಧಾರ್ಮಿಕ ಹಬ್ಬಗಳ ವಿಷಯದಲ್ಲಿ ಒಕ್ಕೂಟದ ಕಾರ್ಮಿಕ ಕಾನೂನು ಕಂಡುಕೊಂಡ ದಾರಿ ಸರಳ. ಧಾರ್ಮಿಕ ಅಥವಾ ಸಾಂಪ್ರದಾಯಿಕ ಆಚರಣೆಗೆಂದು ನೌಕರ ವರ್ಷಕ್ಕೆ ನಾಲ್ಕು ದಿನ ಬಿಡುವು ಪಡೆಯಬಹುದು, ಎರಡಕ್ಕೆ ಸಂಬಳವುಂಟು. ನಮ್ಮ ಸರ್ಕಾರಿ ನೌಕರರಿಗೆ ಪರಿಚಿತವಾದ ಪರಿಮಿತ ರಜೆಯಂಥದ್ದೇ ಇದು. ಬೈರಾಮ್‌ಗೆ ಒಬ್ಬರ ಮೇಜು ಖಾಲಿ, ಜನವರಿ 7ಕ್ಕೆ ಇನ್ನೊಬ್ಬರದು. ಸರಯೇವೊದ ಕೆಥೆಡ್ರಲಿನಲ್ಲಿ ಕ್ರಿಸ್ಮಸ್ ಮಧ್ಯರಾತ್ರಿಯ ಪೂಜೆಗೆ ಮುಸ್ಲಿಮರೂ ಹೋಗುತ್ತಾರೆ. ರಮ್ಜಾನಿನ ಸಂಜೆ ಹಳದಿ ಕೋಟೆಯಿಂದ ಉಪವಾಸ ಮುಗಿಸಲು ತೋಪು ಹಾರುವಾಗ ಸುತ್ತ ಸೇರುವ ಎಲ್ಲರೂ ಉಪವಾಸವಿದ್ದವರೇನಲ್ಲ. ಈ ಸೌಹಾರ್ದಕ್ಕೆ ಪೆಟ್ಟು ಬಿದ್ದೇ ಇಲ್ಲವೆಂದಲ್ಲ. 2008ರ ಡಿಸೆಂಬರಿನಲ್ಲಿ ಸರಯೇವೊದ ಸರ್ಕಾರಿ ಶಿಶುವಿಹಾರಗಳಿಗೆ ಹಿಮದಜ್ಜ ಬರುವುದು ಬೇಡವೆಂಬ ತೀರ್ಮಾನವಾಯಿತು. ವಿರೋಧಿಸಿ ಬೀದಿಗೆ ಬಂದವರು ಮಕ್ಕಳ ತಂದೆತಾಯಿಗಳು.

ಹಾಗಾದರೆ ಸಂಸತ್ತು ಒಂದು ಕಾನೂನು ಮಾಡಿ ಮುಗಿಸಬಾರದೇ? ಪ್ರಯತ್ನಗಳಾಗಿವೆ, ಬಿದ್ದುಹೋಗಿವೆ. ಯಾವುದೇ ಮಸೂದೆ ಗೆಲ್ಲಬೇಕಾದರೆ ಬಹುಮತದ ಜೊತೆಗೆ ಪ್ರತಿ ಘಟಕದ ಕನಿಷ್ಠ ಮೂರನೇ ಒಂದರಷ್ಟು ಸದಸ್ಯರ ಬೆಂಬಲ ಬೇಕು. ಮಾರ್ಚ್ 1 ಸೇರಿಸಿದರೆ ಒಂದು ಕಡೆಯವರು ಏಳುತ್ತಾರೆ, ಜನವರಿ 9 ಸೇರಿಸಿದರೆ ಇನ್ನೊಂದು ಕಡೆಯವರು. ದೇಶದುದ್ದಕ್ಕೂ ಒಟ್ಟಿಗೆ ಬಾಗಿಲು ಮುಚ್ಚುವುದು ಹೊಸ ವರ್ಷಕ್ಕೆ ಮತ್ತು ಮೇ ದಿನಕ್ಕೆ. ಮೇ 1ರಂದು ಸರಯೇವೊದವರು ಬೊಸ್ನಾ ನದಿ ಹುಟ್ಟುವ ವ್ರೆಲೊ ಬೊಸ್ನೆಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ದೊಬ್ರಿನ್ಯಾ ಬಡಾವಣೆಯಲ್ಲಿ ಘಟಕಗಳ ಗಡಿ ವಸತಿ ಕಟ್ಟಡಗಳ ನಡುವೆಯೇ ಹಾದುಹೋಗುತ್ತದೆ. ಮಾರ್ಚ್ 1ರಂದು ಒಂದು ಬದಿಯ ಶಾಲೆಗೆ ರಜೆ, ರಸ್ತೆಯಾಚೆಯ ಶಾಲೆಗೆ ಪಾಠ.

ಎರಡೂ ಘಟಕಗಳಿಗೆ ಸೇರದ ಒಂದು ತುಂಡು ನೆಲ ಈಶಾನ್ಯದ ಬ್ರ್ಚ್ಕೊ. ಡೇಟನ್ನಿನಲ್ಲಿ ಯಾರೂ ಬಿಟ್ಟುಕೊಡಲು ಒಪ್ಪದೆ ಪಂಚಾಯ್ತಿಗೆ ಬಿಟ್ಟ ಊರು ಅದು. 1999ರಲ್ಲಿ ಅಂತಿಮ ತೀರ್ಪು ಬಂತು, 2000ದ ಮಾರ್ಚ್ 8ರಂದು ಬ್ರ್ಚ್ಕೊ ಪ್ರತ್ಯೇಕ ಜಿಲ್ಲೆಯಾಯಿತು. ಆ ಜಿಲ್ಲೆಯ ಶಾಲೆಗಳಲ್ಲಿ ಮೂರೂ ಜನಾಂಗದ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ದೇಶದ ಇತರ ಕೆಲವೆಡೆ ಒಂದೇ ಸೂರಿನಡಿ ಎರಡು ಶಾಲೆ ನಡೆಸಿ ಮಕ್ಕಳನ್ನು ಬೇರೆ ಬೇರೆ ಬಾಗಿಲಿನಿಂದ ಒಳಬಿಡುವ ಪದ್ಧತಿ ಇಂದಿಗೂ ಹೋಗಿಲ್ಲ. ಬ್ರ್ಚ್ಕೊದ ಸ್ವಂತ ರಜೆ ಮಾರ್ಚ್ 8. ಅದು ಯಾರ ಗೆಲುವಿನ ದಿನವೂ ಅಲ್ಲ, ಯಾವ ಸಂತನದೂ ಅಲ್ಲ. ಯುಗೊಸ್ಲಾವಿಯಾದ ಕಾಲದಿಂದಲೂ ಅಮ್ಮಂದಿರಿಗೆ, ಶಿಕ್ಷಕಿಯರಿಗೆ ಹೂ ಕೊಡುವ ಮಹಿಳಾ ದಿನವೂ ಅದೇ ಆದ್ದರಿಂದ ಆ ತಾರೀಖು ಅಲ್ಲಿನವರಿಗೆ ಯಾವ ತಕರಾರೂ ಇಲ್ಲದೆ ಮೊದಲೇ ಪರಿಚಿತವಾಗಿತ್ತು.